ನೋಡಿದ್ದು, ಅನಿಸಿದ್ದು: ಈ ಕಥೆ ಯಾವಾಗ ಮುಗಿಯುತ್ತೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಸೀರಿಯಲ್ ಬಗ್ಗೆ ಕೇಳಿದವರೇ ಜಾಸ್ತಿ. ಸಿನಿಮಾದ ಬಗ್ಗೆಯೂ ಒಳ್ಳೆಯ ಪ್ರಶ್ನೆಗಳಿವೆ. ದಿನಾ ಟಿವಿ ಮುಂದೆ ಕೂರುವ, ಶುಕ್ರವಾರ ಬಂದರೆ ಥಿಯೇಟರ್ ಕಡೆ ಹೊರಡುವ ಒಬ್ಬ ನೋಡುಗ ಏನು ಹೇಳಬಹುದೋ ಅದನ್ನೇ ಹೇಳಿದ್ದೇನೆ. ಒಪ್ಪಿಗೆಯಾಗದಿದ್ದರೆ ಬರೆಯಿರಿ.

ಪ್ರಶ್ನೆ: ‘ಅಮೃತಧಾರೆ’ ಶುರುವಾದಾಗ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೆವು. ಈಗ ಅಮ್ಮ ಒಬ್ಬರೇ ನೋಡುತ್ತಾರೆ, ಅದೂ ಬೈದುಕೊಂಡು. ಚೆನ್ನಾಗಿ ಶುರುವಾಗುವ ಸೀರಿಯಲ್‌ಗಳೆಲ್ಲ ಯಾಕೆ ಹೀಗಾಗುತ್ತವೆ?

2023ರ ಮೇನಲ್ಲಿ ಅದು ಶುರುವಾದಾಗ ನನಗೂ ತುಂಬಾ ಹಿಡಿಸಿತ್ತು. ಮದುವೆ ವಯಸ್ಸು ದಾಟಿತು ಅಂತ ಎಲ್ಲರೂ ಕೈಬಿಟ್ಟ ಇಬ್ಬರು, ಅವರ ಸಂಕೋಚ, ಮದುವೆಯಾದ ಮೇಲೆ ನಿಧಾನಕ್ಕೆ ಹುಟ್ಟುವ ಪ್ರೀತಿ. ಮೂಲ 2011ರ ಹಿಂದಿ ಸೀರಿಯಲ್ಲಿನದು. ಆದರೆ ರಾಜೇಶ್ ನಟರಂಗ, ಛಾಯಾ ಸಿಂಗ್ ಇಬ್ಬರೂ ಸೇರಿ ಆ ನೆನಪೇ ಬರದ ಹಾಗೆ ಮಾಡಿದ್ದರು. ರಾಜೇಶ್ ಒಂದು ಮಾತೂ ಆಡದೆ ಹೆಂಡತಿಯ ಕಡೆ ನೋಡುವ ದೃಶ್ಯಗಳಿವೆ, ಅಂಥದ್ದನ್ನು ಸಿನಿಮಾದಲ್ಲೂ ದಿನಾ ನೋಡೋಕೆ ಸಿಗಲ್ಲ.

ಆ ಕಥೆ ಎಷ್ಟು ದಿನಕ್ಕೆ ಸಾಕಾಗುತ್ತೆ ಹೇಳಿ. ಒಂದು ವರ್ಷ, ಜಾಸ್ತಿ ಅಂದರೆ ಒಂದೂವರೆ ವರ್ಷ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡ ದಿನ ಕಥೆ ಮುಗಿಯಿತು. ಆದರೆ ವಾರಕ್ಕೆ ಐದಾರು ಕಂತು ಬೇಕೇ ಬೇಕು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ರೇಟಿಂಗ್ ಪ್ರತಿ ಗುರುವಾರ ಬರುತ್ತೆ. ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ, ಆ ಲೆಕ್ಕಕ್ಕೆ ಬೇಕಾದ ಮೀಟರ್ ಇರುವುದು ಸುಮಾರು 58 ಸಾವಿರ ಮನೆಗಳಲ್ಲಿ. ಆ ಮನೆಗಳಲ್ಲಿ ಅತ್ತೆಯ ಪಿತೂರಿ ಬಂದ ವಾರ ನಂಬರ್ ಏರಿತು ಅಂದರೆ ಮುಗಿತು, ಆ ಟ್ರ್ಯಾಕ್ ಇನ್ನೂ ಎರಡು ತಿಂಗಳು ಓಡುತ್ತೆ. ಇಳಿಯಿತು ಅಂದರೆ ಒಂದು ಅಪಘಾತ, ಎರಡು ಸೀರಿಯಲ್ ಸೇರಿಸಿ ಒಂದು ಮಹಾಸಂಗಮ, ಕೊನೆಗೆ ‘ಐದು ವರ್ಷದ ನಂತರ’ ಅಂತ ಒಂದು ಲೀಪ್. ಬರೆಯುವವರಿಗೆ ಬರೆಯೋಕೆ ಬರಲ್ಲ ಅಂತ ನಾನು ಒಪ್ಪುವುದಿಲ್ಲ. ಮೊದಲ ನೂರು ಕಂತು ಬರೆದವರೂ ಅವರೇ ಅಲ್ವಾ? ಕಥೆ ಎಲ್ಲಿ ನಿಲ್ಲಬೇಕು ಅನ್ನುವ ತೀರ್ಮಾನ ಅವರ ಕೈಲಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ. ಮೊದಲ ದಿನವೇ ‘ಇದು ಮುನ್ನೂರು ಕಂತು’ ಅಂತ ಹೇಳಿ ಶುರುಮಾಡುವ ಒಂದು ಸೀರಿಯಲ್ ಬರಲಿ, ಒಂದು ಕಂತೂ ತಪ್ಪಿಸದೆ ನೋಡುತ್ತೇನೆ.

ಪ್ರಶ್ನೆ: ಹಳೆಯ ಸೀರಿಯಲ್‌ಗಳೇನು ಚಿಕ್ಕವಾ? ‘ಮಾಯಾಮೃಗ’ ಕೂಡ ದಿನಾ ಬರುತ್ತಿತ್ತು. ಸುಮ್ನೆ ಹಳೆಯದನ್ನು ಹೊಗಳುವುದು ಯಾಕೆ?

ಒಳ್ಳೆಯ ಪ್ರಶ್ನೆ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ ಉದ್ದವೇ ಇತ್ತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು. ಆದರೆ ಉದ್ದವಾಗಿದ್ದಕ್ಕೇ ಯಾವ ಸೀರಿಯಲ್ಲೂ ಕೆಡುವುದಿಲ್ಲ. ಅಲ್ಲಿ ಸಮಯ ಹೋಗುತ್ತಿದ್ದದ್ದು ಜನರ ಮೇಲೆ. ಒಂದು ಮನೆಯಲ್ಲಿ ದುಡ್ಡಿಲ್ಲ ಅಂದರೆ ಅದರಿಂದ ಮನೆಯ ಒಬ್ಬೊಬ್ಬರಿಗೂ ಏನಾಗುತ್ತೆ ಅಂತ ತೋರಿಸುತ್ತಿದ್ದರು. ಸೀತಾರಾಮ್ ಅವರ ಮುಂದಿನ ಸೀರಿಯಲ್‌ಗಳಲ್ಲಿ ಸಿಎಸ್‌ಪಿ ಅನ್ನುವ ವಕೀಲ ವಾದ ಮಾಡುವ ಕೋರ್ಟ್ ದೃಶ್ಯಗಳನ್ನೇ ನೋಡಿ, ವಾದ ದಿನಗಟ್ಟಲೆ ನಡೆದರೂ ನಾವು ಕಾಯುತ್ತಿದ್ದೆವು, ಯಾಕೆಂದರೆ ನಾಳೆ ಹೊಸದೊಂದು ವಿಷಯ ಗೊತ್ತಾಗುತ್ತೆ ಅಂತ ನಂಬಿಕೆ ಇತ್ತು. ಈಗ ಒಂದು ಚೀಟಿ ಕೈಗೆ ಸಿಗೋಕೆ ಒಂದು ವಾರ. ಸಿಕ್ಕಿದ ಚೀಟಿಯನ್ನು ಓದುವಷ್ಟರಲ್ಲಿ ಯಾರೋ ಕರೆಯುತ್ತಾರೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಆಗಲೂ ನೋಡೋಕಾಗದ ಸೀರಿಯಲ್‌ಗಳಿದ್ದವು, ಅವನ್ನು ನಾವು ಮರೆತಿದ್ದೇವೆ ಅಷ್ಟೇ.

ಪ್ರಶ್ನೆ: ಈಗ ಯಾವ ಸಿನಿಮಾ ನೋಡಿದರೂ ಕೊನೆಯಲ್ಲಿ ಚಾಪ್ಟರ್ 2 ಅಂತ ಹಾಕುತ್ತಾರೆ. ಇದು ಮೋಸ ಅಲ್ವಾ?

ಎಲ್ಲ ಸಲವೂ ಅಲ್ಲ. ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗವಾಗಿ ಬಂತು, ಮೊದಲನೆಯದು 2023ರ ಸೆಪ್ಟೆಂಬರ್ 1ಕ್ಕೆ, ಎರಡನೆಯದು ನವೆಂಬರ್ 17ಕ್ಕೆ. ನಿರ್ದೇಶಕ ಹೇಮಂತ್ ರಾವ್ ಎರಡನ್ನೂ ಮೊದಲೇ ಯೋಚಿಸಿ ಮಾಡಿದ್ದರು, ನೋಡುಗರನ್ನು ವರ್ಷಗಟ್ಟಲೆ ಕಾಯಿಸಲಿಲ್ಲ. ಎರಡನೇ ಭಾಗ ನನಗೆ ಮೊದಲನೆಯದರಷ್ಟು ಹಿಡಿಸಲಿಲ್ಲ, ನಾಯಕ ಮನು ಜೈಲಿಂದ ಹೊರಗೆ ಬಂದ ಮೇಲಿನ ಹೊಡೆದಾಟ ಜಾಸ್ತಿಯಾಯಿತು. ಆದರೂ ಮೊದಲ ಭಾಗ ನೋಡಿ ಎದ್ದಾಗ ಒಂದು ಪೂರ್ತಿ ಸಿನಿಮಾ ನೋಡಿದೆ ಅನಿಸಿತ್ತು. ‘ಕೆಜಿಎಫ್’ 2018ರಲ್ಲಿ ಬಂದು ಎರಡನೆಯದು 2022ಕ್ಕೆ ಬಂತು, ಅಷ್ಟು ದಿನ ಕಾದರೂ ಜನ ಸಿಟ್ಟಾಗಲಿಲ್ಲ. ಮೊದಲ ಭಾಗದಲ್ಲಿ ರಾಕಿ ಮಾಡೋಕೆ ಹೊರಟ ಕೆಲಸವನ್ನು ಮಾಡಿ ಮುಗಿಸಿದ್ದ, ಅದಕ್ಕೇ.

ನನಗೆ ಸಿಟ್ಟು ಬರುವುದು ಬೇರೆ ಥರದವುಗಳ ಮೇಲೆ. ಎರಡೂವರೆ ಗಂಟೆ ಬರೀ ಪರಿಚಯ ಮಾಡಿಸಿ, ಎದುರಾಳಿಯ ಮುಖವನ್ನೂ ತೋರಿಸದೆ, ಮುಂದಿನ ಭಾಗ ನೋಡಿ ಅಂತ ಕಳಿಸುವ ಸಿನಿಮಾಗಳಿವೆ. ಅದರಲ್ಲಿ ಎಷ್ಟೋ ಸಿನಿಮಾಗಳ ಮುಂದಿನ ಭಾಗ ಬರುವುದೇ ಇಲ್ಲ. ಟಿಕೆಟ್ ಕೊಡುವಾಗಲೇ ಇದು ಅರ್ಧ ಕಥೆ ಅಂತ ಹೇಳಬೇಕು.

ಪ್ರಶ್ನೆ: ‘ಸು ಫ್ರಮ್ ಸೋ’ ಅಷ್ಟೊಂದು ಹೊಗಳುವಂಥ ಸಿನಿಮಾನಾ? ನನಗೆ ಸಾಧಾರಣ ಅನಿಸಿತು.

ನನಗೆ ತುಂಬಾ ಇಷ್ಟವಾಯಿತು. 2025ರ ಜುಲೈ 25ಕ್ಕೆ ಬಂದಾಗ ದೊಡ್ಡ ಸ್ಟಾರ್ ಯಾರೂ ಇರಲಿಲ್ಲ, ನೋಡಿದವರು ಹೇಳಿ ಹೇಳಿಯೇ ಥಿಯೇಟರ್ ತುಂಬಿತು. ಊರಿನ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರೇ ನಂಬುವ ಸಣ್ಣ ಎಳೆ. ನಿರ್ದೇಶಕ ಜೆ.ಪಿ. ತುಮಿನಾಡು ಅದರಲ್ಲಿ ಒಬ್ಬೊಬ್ಬ ಊರವನಿಗೂ ಒಂದೊಂದು ನಡೆ, ಒಂದೊಂದು ಮಾತು ಕೊಟ್ಟಿದ್ದಾರೆ. ಶನೀಲ್ ಗೌತಮ್ ಮಾಡಿದ ರವಿಯಣ್ಣನ ಥರದವರು ಎಲ್ಲ ಊರಲ್ಲೂ ಇರುತ್ತಾರೆ. ನಗುವಿನ ನಡುವೆ ಒಬ್ಬ ಹೆಣ್ಣುಮಗಳ ಕಷ್ಟ ಬಂದಾಗ ಸಿನಿಮಾ ಸ್ವಲ್ಪ ಅವಸರ ಮಾಡುತ್ತೆ, ಅಲ್ಲಿ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಹೇಳಬೇಕಾದ್ದು ಮುಗಿದ ಕೂಡಲೇ ನಿಲ್ಲುತ್ತೆ. ಅದಕ್ಕೆ ನನ್ನ ಪೂರ್ತಿ ಅಂಕ.

ಪ್ರಶ್ನೆ: ಬಿಗ್ ಬಾಸ್ ನೋಡುತ್ತೀರಾ?

ವಾರದ ಕೊನೆಯಲ್ಲಿ ಸುದೀಪ್ ಬರುವ ದಿನ ಮಾತ್ರ. ಜಗಳ ನೋಡೋಕೆ ನನಗಾಗಲ್ಲ. 11ನೇ ಸೀಸನ್‌ನಲ್ಲಿ ವೈಲ್ಡ್ ಕಾರ್ಡ್‌ನಲ್ಲಿ ಬಂದ ಹನುಮಂತ ಗೆದ್ದಾಗ ಖುಷಿಯಾಗಿತ್ತು, ಕೂಗಾಡದೆಯೂ ಗೆಲ್ಲಬಹುದು ಅಂತ ಗೊತ್ತಾಯಿತಲ್ಲ.

ಪ್ರಶ್ನೆ: ಮಲಯಾಳಂ, ತಮಿಳಿನಲ್ಲಿ ಅಷ್ಟೊಂದು ವೆಬ್ ಸರಣಿ ಬರುತ್ತವೆ. ಕನ್ನಡದವರಿಗೆ ಆಸಕ್ತಿ ಇಲ್ವಾ?

ಆಸಕ್ತಿ ಇದೆ, ಕೊಳ್ಳುವವರಿಲ್ಲ. ‘ಏಕಂ’ ನೋಡಿ. ಕರಾವಳಿಯ ಏಳು ಕಥೆ, ಏಳೂ ಬೇರೆ ಬೇರೆ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇದ್ದಾರೆ. ರಕ್ಷಿತ್ ಶೆಟ್ಟಿ ಬೆನ್ನಿಗೆ ನಿಂತಿದ್ದರು. ಅಷ್ಟಾದರೂ ಯಾವ ದೊಡ್ಡ ಒಟಿಟಿಯೂ ತೆಗೆದುಕೊಳ್ಳಲಿಲ್ಲ, ವರ್ಷಗಟ್ಟಲೆ ಕಾದು, ಕೊನೆಗೆ 2024ರ ಜುಲೈನಲ್ಲಿ ತಂಡದವರು ತಮ್ಮದೇ ವೇದಿಕೆ ಮಾಡಿಕೊಂಡು ಬಿಡುಗಡೆ ಮಾಡಿದರು. ಒಂದೊಂದು ಕಥೆಗೂ ಅದಕ್ಕೆ ಬೇಕಾದಷ್ಟೇ ಹೊತ್ತು. ಎಳೆಯುವುದು ಎಲ್ಲೂ ಇಲ್ಲ. ಎಲ್ಲ ಕಥೆಯೂ ಒಂದೇ ಮಟ್ಟದಲ್ಲಿಲ್ಲ, ಆದರೆ ಇಂಥದ್ದು ಇನ್ನೂ ನಾಲ್ಕು ಬರಬೇಕು ಅನ್ನುವ ಆಸೆ ನನಗೆ ತುಂಬಾ ಇದೆ. ಅದರಲ್ಲಿದ್ದ ಸುಮಂತ್ ಭಟ್ ಮುಂದೆ ‘ಮಿಥ್ಯ’ ಸಿನಿಮಾ ಮಾಡಿದರು, 2025ರ ಮಾರ್ಚ್‌ನಲ್ಲಿ ಬಂತು. ಅಪ್ಪ ಅಮ್ಮ ಇಲ್ಲದೆ ಮುಂಬೈಯಿಂದ ಚಿಕ್ಕಮ್ಮನ ಮನೆಗೆ ಬಂದ ಹನ್ನೊಂದು ವರ್ಷದ ಹುಡುಗನ ಕಥೆ. ಆ ಹುಡುಗನ ಪಾತ್ರ ಮಾಡಿದ ಆತಿಶ್ ಶೆಟ್ಟಿ ಒಮ್ಮೆಯೂ ನಮ್ಮಿಂದ ಕನಿಕರ ಕೇಳುವುದಿಲ್ಲ, ಅದಕ್ಕೇ ಅವನು ಸುಮ್ಮನಿದ್ದಾಗ ಎದೆ ಭಾರವಾಗುತ್ತೆ.

ಇಂಥ ಸಿನಿಮಾಗಳಿಗೆ ಎರಡನೇ ವಾರ ಸಿಗುವುದೇ ಕಷ್ಟ. ಒಟಿಟಿಗೆ ಬಂದಾಗ ನೋಡೋಣ ಅಂತ ಬಿಟ್ಟರೆ ಥಿಯೇಟರ್‌ನವರು ಸೋಮವಾರಕ್ಕೇ ಶೋ ಕಡಿಮೆ ಮಾಡುತ್ತಾರೆ, ಥಿಯೇಟರ್‌ನಲ್ಲಿ ಓಡದ ಸಿನಿಮಾಕ್ಕೆ ಒಟಿಟಿಯವರು ಬೆಲೆ ಕಟ್ಟುವುದಿಲ್ಲ. ಮೊದಲ ಮೂರು ದಿನದಲ್ಲಿ ಹೋಗಿ.

ಪ್ರಶ್ನೆ: ಅಮ್ಮನಿಗೆ ರಕ್ತ, ಕೂಗಾಟ ಆಗಲ್ಲ. ಸೀರಿಯಲ್ ಬಿಡಿಸಿ ಈ ಭಾನುವಾರ ಏನು ತೋರಿಸಲಿ?

‘ಡೇರ್‌ಡೆವಿಲ್ ಮುಸ್ತಫಾ’ ತೋರಿಸಿ. 2023ರದ್ದು. ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿಸಿದ್ದು, ನಿರ್ದೇಶನ ಶಶಾಂಕ್ ಸೋಗಾಲ್. ಕಾಲೇಜಿಗೆ ಹೊಸದಾಗಿ ಬರುವ ಮುಸ್ತಫಾನನ್ನು ಉಳಿದ ಹುಡುಗರು ಮೊದಲು ದೂರ ಇಡುತ್ತಾರೆ, ಆಮೇಲೆ ಕ್ರಿಕೆಟ್ ಮ್ಯಾಚ್ ಬರುತ್ತೆ. ಕಥೆ ಗತಿಗೆ ಬರೋಕೆ ಸ್ವಲ್ಪ ಹೊತ್ತು ಬೇಕು, ಅಲ್ಲಿಯವರೆಗೆ ಅಮ್ಮನನ್ನು ಎದ್ದು ಹೋಗಲು ಬಿಡಬೇಡಿ.