ಮಾತಾಡಲು ಬರುತ್ತಲ್ಲ, ಇನ್ನು ಓದುವುದೇನಿದೆ?

ನಾನು ಆಪ್ತಸಲಹೆಗಾರ್ತಿ. ಮಕ್ಕಳ ಕೋರ್ಸ್ ವಿಷಯಕ್ಕೆ ಮನೆಯಲ್ಲಿ ಜಗಳ ಅಂತ ಹೆತ್ತವರು ನನ್ನ ಹತ್ತಿರ ಬರುತ್ತಾರೆ. ಸ್ವಲ್ಪ ಹೊತ್ತು ಕೂತು ಕೇಳಿದರೆ ಒಳಗೆ ಬೇರೆಯದೇ ಸಂಕಟ ಇರುತ್ತದೆ. ಬೆಂಗಳೂರಿನಲ್ಲಿ ಕನ್ನಡ ಎಂ.ಎ. ಮಾಡ್ತೀನಿ ಅನ್ನುವ ಹುಡುಗನ ಮನೆಯಲ್ಲೂ ಹೀಗೇ, ಹೊರದೇಶದಲ್ಲಿರುವ ನಮ್ಮವರ ಮನೆಯಲ್ಲೂ ಹೀಗೇ. ಈ ಪ್ರಕರಣ ಬ್ರಿಟನ್ನಿನ ವೇಲ್ಸ್‌ನದು. ಕುಟುಂಬದ ಒಪ್ಪಿಗೆ ಕೇಳಿ, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.

ಅಪ್ಪ, ಅಮ್ಮ ಇಬ್ಬರೂ ಡಾಕ್ಟರು. ಪಶ್ಚಿಮ ವೇಲ್ಸ್‌ನ ಸಣ್ಣ ಊರಿನಲ್ಲಿ ವಾಸ. ಮಗಳಿಗೆ ಹದಿನೇಳು. ಮನೆಗೆ ಹತ್ತಿರ ಅಂತ ಸೇರಿಸಿದ ಶಾಲೆ ವೆಲ್ಷ್ ಮಾಧ್ಯಮದ್ದು. ವೆಲ್ಷ್ ಅಂದರೆ ವೇಲ್ಸ್‌ನವರ ಸ್ವಂತ ಭಾಷೆ. ಈಗ ಅವಳಿಗೆ ಯೂನಿವರ್ಸಿಟಿಯಲ್ಲಿ ಇತಿಹಾಸ ಮತ್ತು ವೆಲ್ಷ್ ಎರಡನ್ನೂ ಸೇರಿಸಿ ಒಂದೇ ಪದವಿ ಮಾಡುವ ಆಸೆ.

'ಇತಿಹಾಸ ಓದಲಿ ಮೇಡಂ, ಅದಕ್ಕೆ ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದೀನಿ. ಆಮೇಲೆ ಲಾ ಮಾಡಬಹುದು. ಆದರೆ ವೆಲ್ಷ್ ಯಾಕೆ? ಅರಳು ಹುರಿದ ಹಾಗೆ ಮಾತಾಡ್ತಾಳೆ. ಬರುವ ಭಾಷೆಯನ್ನೇ ಮೂರು ವರ್ಷ ಓದೋದೇನಿದೆ?' ಇದು ಅಪ್ಪನ ಪ್ರಶ್ನೆ.

ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದೇ. 'ನೀವು ಹುಟ್ಟಿದಾಗಿನಿಂದ ಕನ್ನಡ ಮಾತಾಡ್ತೀರಿ. ಹಲ್ಮಿಡಿ ಶಾಸನದ ಒಂದು ಸಾಲು ಓದಿ ಅರ್ಥ ಹೇಳ್ತೀರಾ?' ಅಂದೆ. ನಕ್ಕರು. ಆದರೆ ಒಪ್ಪಲಿಲ್ಲ. ಆ ದಿನ ಮಾತೆಲ್ಲ ಕೆಲಸ, ಸಂಬಳದ ಸುತ್ತಲೇ ಸುತ್ತಿತು.

ಎರಡನೇ ಸಲ ಮೂವರೂ ಒಟ್ಟಿಗೆ ವಿಡಿಯೊ ಕಾಲ್‌ನಲ್ಲಿ ಕೂತರು. ಅಪ್ಪ, ಅಮ್ಮ ಸೋಫಾದ ಮೇಲೆ. ಮಗಳು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಅರ್ಧ ಮುಖ ಪರದೆಯಿಂದ ಆಚೆ. ಒಳ್ಳೆಯ ಸಂಬಳದ ಲೆಕ್ಕದಲ್ಲಿ ಶುರುವಾದ ಮಾತು ಇದ್ದಕ್ಕಿದ್ದಂತೆ ದಾರಿ ತಪ್ಪಿತು. ಅಪ್ಪನ ಧ್ವನಿ ಏರಿತು. 'ಇವಳ ಅಜ್ಜಿ ಬರೆದು ಕಳಿಸಿದ ಎರಡು ಸಾಲು ಕನ್ನಡ ಓದೋಕೆ ಬರಲ್ಲ ಮೇಡಂ. ಹದಿನಾಲ್ಕನೇ ಶತಮಾನದ ವೆಲ್ಷ್ ಪದ್ಯ ಓದ್ತಾಳಂತೆ! ಯಾರದೋ ಭಾಷೆ!'

ಅಲ್ಲಿಗೆ ಸಂಕಟ ಹೊರಗೆ ಬಂತು. ನಾನು ಬಾಯಿ ಹಾಕಲಿಲ್ಲ.

ಮಗಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ಅಪ್ಪಾ, ನನ್ನ ಕನ್ನಡವನ್ನು ವೆಲ್ಷ್ ಕಿತ್ತುಕೊಳ್ಳಲಿಲ್ಲ. ನೀನೂ ಅಮ್ಮನೂ ಕನ್ನಡದಲ್ಲಿ ಮಾತಾಡ್ತಿರ್ತೀರಿ. ನನ್ನ ಕಡೆ ತಿರುಗಿದ ತಕ್ಷಣ ಇಂಗ್ಲಿಷ್. ಇಲ್ಲಿನ ಜನರೂ ಹೀಗೇ ಮಾಡಿದ್ದರು. ಗಂಡ ಹೆಂಡತಿ ತಮ್ಮೊಳಗೆ ವೆಲ್ಷ್, ಮಕ್ಕಳ ಹತ್ತಿರ ಇಂಗ್ಲಿಷ್. ಯಾಕೆ ಹಾಗೆ ಮಾಡಿದರು ಅಂತ ತಿಳಿಯೋಕೆ ಇತಿಹಾಸ ಬೇಕು. ಅವರೇ ಅದರ ಬಗ್ಗೆ ಏನು ಬರೆದಿಟ್ಟರು ಅಂತ ಓದೋಕೆ ವೆಲ್ಷ್ ಬೇಕು. ನಾನು ಕೇಳ್ತಿರೋದು ಇಷ್ಟೇ.'

ಅಪ್ಪ ಏನೂ ಹೇಳಲಿಲ್ಲ. ಅಮ್ಮ ಮೆಲ್ಲಗೆ ಅಂದರು: 'ಇವಳು ಮಗುವಾಗಿದ್ದಾಗ, ಎರಡೆರಡು ಭಾಷೆ ಆದರೆ ಗಲಿಬಿಲಿ ಆಗುತ್ತೆ, ಇಂಗ್ಲಿಷ್ ಒಂದೇ ಮಾತಾಡಿ ಅಂದಿದ್ದರು. ನಾವು ನಂಬಿದೆವು.'

ಹುಡುಗಿಯ ಮಾತು ಎಷ್ಟು ನಿಜ ಅಂತ ಓದುಗರಿಗೆ ಗೊತ್ತಾಗಬೇಕು. 1847ರಲ್ಲಿ ಬ್ರಿಟಿಷ್ ಸರ್ಕಾರ ವೇಲ್ಸ್‌ನ ಶಾಲೆಗಳ ಬಗ್ಗೆ ದೊಡ್ಡ ವರದಿ ಹೊರಡಿಸಿತು. ಅದನ್ನು ತಯಾರಿಸಿದ ಮೂವರು ಕಮಿಷನರುಗಳೂ ಇಂಗ್ಲಿಷರು, ವೆಲ್ಷ್ ಗೊತ್ತಿಲ್ಲದವರು. ವೆಲ್ಷ್ ಮಾತ್ರ ಗೊತ್ತಿದ್ದ ಎಷ್ಟೋ ಮಕ್ಕಳಿಗೆ ಪ್ರಶ್ನೆ ಕೇಳಿದ್ದು ಇಂಗ್ಲಿಷಿನಲ್ಲಿ. ಮಕ್ಕಳು ದಡ್ಡರು, ಜನರ ನಡತೆ ಸರಿಯಿಲ್ಲ, ಅವರ ಏಳಿಗೆಗೆ ಭಾಷೆಯೇ ಅಡ್ಡಿ ಅಂತ ಬರೆದರು. ನೀಲಿ ಹೊದಿಕೆಯ ಆ ವರದಿಯನ್ನು ವೇಲ್ಸ್‌ನವರು ಇವತ್ತಿಗೂ 'ನೀಲಿ ಪುಸ್ತಕಗಳ ದ್ರೋಹ' ಅಂತಲೇ ಕರೆಯುತ್ತಾರೆ. ಶಾಲೆಯಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುವ ಪದ್ಧತಿಯೂ ಆ ಶತಮಾನದಲ್ಲಿತ್ತು. ಇನ್ನೊಬ್ಬ ಮಗು ವೆಲ್ಷ್ ಆಡಿದರೆ ತುಂಡು ಅದರ ಕೊರಳಿಗೆ ಹೋಗುತ್ತಿತ್ತು. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಆದರೆ ಇದು ಸರ್ಕಾರದ ಕಾನೂನಾಗಿರಲಿಲ್ಲ. ಮಕ್ಕಳು ಇಂಗ್ಲಿಷ್ ಕಲಿತು ಮುಂದೆ ಬರಲಿ ಅಂತ ಎಷ್ಟೋ ಕಡೆ ಹೆತ್ತವರೇ ಒಪ್ಪಿದ್ದರು. 1911ರ ಜನಗಣತಿಯಲ್ಲಿ ವೇಲ್ಸ್‌ನ ನೂರಕ್ಕೆ 43ರಷ್ಟು ಜನ ವೆಲ್ಷ್ ಬಲ್ಲವರು. 2021ರಲ್ಲಿ 17.8. ಈ ಇಳಿತಕ್ಕೆ ಕಾರಣ ಹಲವು. ಮನೆಯೊಳಗೆ ನಡೆದದ್ದೂ ಅದರಲ್ಲೊಂದು.

ಈಗ ನಾನು ಕೊಟ್ಟ ಸಲಹೆ. ಎರಡನ್ನೂ ಓದಲಿ ಅಂದೆ. ವರದಿ ಇಂಗ್ಲಿಷಿನಲ್ಲಿದೆ, ಅದಕ್ಕೆ ಸಿಟ್ಟಿನಿಂದ ಕೊಟ್ಟ ಉತ್ತರದ ದೊಡ್ಡ ಪಾಲು ವೆಲ್ಷ್‌ನಲ್ಲಿದೆ. ಬರೀ ಇತಿಹಾಸ ತಗೊಂಡರೆ ಒಂದು ಕಡೆಯವರ ಮಾತನ್ನಷ್ಟೇ ಕೇಳಿದ ಹಾಗಾಗುತ್ತದೆ. ಒಂದೇ ವಿಷಯದ ಪದವಿಯ ಹಾಗೆ ಇಂಥ ಜಂಟಿ ಪದವಿಯಲ್ಲೂ ವರ್ಷಕ್ಕೆ 120 ಕ್ರೆಡಿಟ್. ಸಾಮಾನ್ಯವಾಗಿ ಅದನ್ನು ಎರಡು ವಿಭಾಗಗಳು ಹೆಚ್ಚುಕಮ್ಮಿ ಸಮವಾಗಿ ಹಂಚಿಕೊಳ್ಳುತ್ತವೆ. ಹಾಗಾಗಿ ಎರಡು ಪದವಿಯ ಹೊರೆ ಒಟ್ಟಿಗೆ ಬೀಳುತ್ತೆ ಅನ್ನುವ ಅಮ್ಮನ ಭಯ ಬೇಡ. ಇತಿಹಾಸದ ಕೆಲವು ಪೇಪರುಗಳನ್ನು ಇಂಗ್ಲಿಷಿನಲ್ಲೇ ಬರೆಯಲಿ, ನಾಳೆ ಲಾ ಮಾಡುವುದಿದ್ದರೆ ಅನುಕೂಲ ಅಂತಲೂ ಹೇಳಿದೆ. ವೆಲ್ಷ್ ಮಾಧ್ಯಮದಲ್ಲಿ ಓದುವವರಿಗೆ 2011ರಲ್ಲಿ ಶುರುವಾದ ಕೊಲೆಗ್ ಕಮ್ರಾಯ್ಗ್ ಕೆನೆಡ್‌ಲೈಥಾಲ್ ಸಂಸ್ಥೆ ವಿದ್ಯಾರ್ಥಿವೇತನ ಕೊಡುತ್ತದೆ. ಅದನ್ನು ವಿಚಾರಿಸಿ ಅಂದೆ.

ಕೆಲಸದ ಬಗ್ಗೆ ಸಿಹಿ ಸುಳ್ಳು ಹೇಳಲಿಲ್ಲ. 2011ರ ಭಾಷಾ ಕಾನೂನಿನಿಂದಾಗಿ ಅಲ್ಲಿನ ಕೌನ್ಸಿಲ್‌ನಂಥ ಸಾರ್ವಜನಿಕ ಸಂಸ್ಥೆಗಳು ವೆಲ್ಷ್‌ನಲ್ಲೂ ಸೇವೆ ಕೊಡಬೇಕು. ಅನುವಾದಕರು, ಮೇಷ್ಟ್ರುಗಳು, ದಾಖಲೆ ಕಾಯುವವರು, ಟಿವಿ, ರೇಡಿಯೊದವರು ಬೇಕೇ ಬೇಕು. ಆದರೆ ಇವೆಲ್ಲ ಬಹುಪಾಲು ವೇಲ್ಸ್‌ನ ಒಳಗಿನ ಕೆಲಸಗಳು. ಡಾಕ್ಟರ ಸಂಬಳಕ್ಕೆ ಸಮ ಬರುವುದಿಲ್ಲ. ಇದನ್ನು ಹುಡುಗಿಯ ಎದುರಿಗೇ ಹೇಳಿದೆ.

ಅವಳಿಗೂ ಒಂದು ಕೆಲಸ ಕೊಟ್ಟೆ. ಆಬರಿಸ್ಟ್ವಿತ್‌ನಲ್ಲಿ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯವಿದೆ. ಹಳೆಯ ಪತ್ರಿಕೆಗಳ 11 ಲಕ್ಷ ಪುಟಗಳನ್ನು ಅದು ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಿದೆ. 'ಯಾರೂ ಹೇಳಿಕೊಡದೆ ಅದರಲ್ಲಿ ಏನಾದರೂ ಒಂದನ್ನು ಬೆನ್ನು ಹತ್ತಿ ಹೋಗು. ಬೇಜಾರಾದರೆ ಬಂದು ಹೇಳು' ಅಂದೆ. ಭಾಷೆಯ ಮೇಲಿನ ಪ್ರೀತಿಯೇ ಬೇರೆ, ಹಳೆಯ ಅಚ್ಚಿನ ಮುಂದೆ ಗಂಟೆಗಟ್ಟಲೆ ಕೂರುವ ತಾಳ್ಮೆಯೇ ಬೇರೆ. ಎರಡನೆಯದು ಇಲ್ಲದವರಿಗೆ ನಾನು ಈ ಪದವಿ ಹೇಳುವುದಿಲ್ಲ. ಅವಳು ಹಿಡಿದು ತಂದದ್ದು ಮೇಘಾಲಯವನ್ನು. 1841ರಲ್ಲಿ ವೇಲ್ಸ್‌ನ ಮಿಷನರಿಯೊಬ್ಬ ಚಿರಾಪುಂಜಿಗೆ ಹೋಗಿ, ಖಾಸಿ ಭಾಷೆಯನ್ನು ವೆಲ್ಷ್ ಕಾಗುಣಿತದ ಧಾಟಿಯಲ್ಲಿ ರೋಮನ್ ಅಕ್ಷರಗಳಲ್ಲಿ ಬರೆದಿದ್ದ. ಅಪ್ಪ ಅವತ್ತು ಮೊದಲ ಸಲ ತಾವಾಗಿಯೇ ಪ್ರಶ್ನೆ ಕೇಳಿದರು.

ಕೊನೆಗೆ ಅಪ್ಪ ಒಂದು ಷರತ್ತು ಇಟ್ಟರು. 'ಕನ್ನಡ ಓದು ಬರಹ ಕಲಿತರೆ ವೆಲ್ಷ್‌ಗೆ ಒಪ್ತೀನಿ.' ನಾನು ಬೇಡ ಅಂದೆ. ಇದನ್ನು ಕೇಳಿದ ಗೆಳತಿಯೊಬ್ಬಳು, ಅವಳೂ ಆಪ್ತಸಲಹೆಗಾರ್ತಿ, ನನ್ನನ್ನು ತರಾಟೆಗೆ ತಗೊಂಡಳು. ಸುಮ್ನೆ ಒಪ್ಪಿದ್ದರೆ ಒಂದು ಮಗು ಕನ್ನಡ ಕಲಿಯುತ್ತಿತ್ತಲ್ಲ ಅಂತ. ನಾನು ಹಾಗಂದುಕೊಳ್ಳುವುದಿಲ್ಲ. ಇನ್ನೊಂದನ್ನು ಪಡೆಯಲು ಕಟ್ಟುವ ಸುಂಕದ ಹಾಗೆ ಕನ್ನಡ ಕಲಿತ ಮಕ್ಕಳನ್ನು ನೋಡಿದ್ದೇನೆ. ಕೆಲಸ ಆದ ಮರುದಿನವೇ ಪುಸ್ತಕ ಮುಚ್ಚಿಡುತ್ತಾರೆ. ಅದಕ್ಕೇ ಆ ಹೋಂವರ್ಕನ್ನು ಹೆತ್ತವರಿಗೆ ಕೊಟ್ಟೆ. ಇವತ್ತಿನಿಂದ ಮಗಳ ಜೊತೆ ಕನ್ನಡದಲ್ಲೇ ಮಾತಾಡಿ. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ತಿದ್ದಬೇಡಿ, ರೇಗಬೇಡಿ. ಊಟಕ್ಕೆ ಬಾ, ಬಾಗಿಲು ಹಾಕು, ಎಷ್ಟು ಹೊತ್ತಿಗೆ ಬರ್ತೀಯ. ಇಷ್ಟರಿಂದ ಶುರು ಮಾಡಿ. ಅಮ್ಮನಿಗೆ ಸಲೀಸಾಯಿತು. ಅಪ್ಪನಿಗೆ ಈಗಲೂ ಬಾಯಿಗೆ ಇಂಗ್ಲಿಷೇ ಮೊದಲು ಬರುತ್ತದಂತೆ.

ಅಲ್ಲಿ ಯೂನಿವರ್ಸಿಟಿ ಅರ್ಜಿಯಲ್ಲಿ ಐದು ಆಯ್ಕೆ ಬರೆಯಬಹುದು. ಹುಡುಗಿ ಆಬರಿಸ್ಟ್ವಿತ್, ಬ್ಯಾಂಗರ್, ಕಾರ್ಡಿಫ್, ಸ್ವಾನ್ಸೀ ನಾಲ್ಕಕ್ಕೂ ಎರಡೂ ವಿಷಯ ಸೇರಿಸಿ ಬರೆದಳು. ಐದನೆಯದು ಇಂಗ್ಲೆಂಡಿನದು, ಬರೀ ಇತಿಹಾಸ. ಅಪ್ಪನಿಗೋಸ್ಕರ ಅಂದಳು. ತೆಗೆದುಹಾಕು ಅಂತ ನಾನು ಹೇಳಲಿಲ್ಲ.