ಪಟ್ಟಿ ಮಡಚಿಡಿ, ಮೊದಲು ಫ್ಯಾನ್ ನೋಡಿ

ಪ್ರಶ್ನೆ: ಹತ್ತು ವರ್ಷ ಹಳೆಯ, ಏಳು ಸೀಟಿನ ಪೆಟ್ರೋಲ್ ಮಿನಿವ್ಯಾನ್ ಕೊಂಡು ಮೂರು ವಾರವಾಯಿತು. ಕೊಳ್ಳುವಾಗ ಓಡಿಸಿ ನೋಡಿದ್ದೆ, ಏನೂ ಗೊತ್ತಾಗಲಿಲ್ಲ. ಈಗ ಒಂದೊಂದೇ ಹೊರಗೆ ಬರುತ್ತಿದೆ. ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ. ಸ್ಪೀಡು 50 ದಾಟಿದರೆ ‘ಗುಂಯ್’ ಅಂತ ಸದ್ದು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ‘ಟಕ ಟಕ’. ನಾಲ್ಕನೇ ದಿನಕ್ಕೆ ಚೆಕ್ ಎಂಜಿನ್ ದೀಪವೂ ಹತ್ತಿತು. ಗ್ಯಾರೇಜಿನವರು ರೇಡಿಯೇಟರ್, ನಾಲ್ಕೂ ಬೇರಿಂಗ್, ಎರಡೂ ಆಕ್ಸಲ್, ಸೆನ್ಸರ್ ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಆ ಪಟ್ಟಿಯನ್ನು ಮಡಚಿ ಒಳಗಿಡಿ. ಅದರಲ್ಲಿ ಒಂದೆರಡು ಐಟಂ ಸರಿಯಿರಬಹುದು. ಆದರೆ ಯಾವ ಒಂದೆರಡು ಅಂತ ಬರೆದವರಿಗೂ ಗೊತ್ತಿಲ್ಲ. ಗೊತ್ತಿದ್ದರೆ ನಾಲ್ಕೂ ಬೇರಿಂಗ್ ಬರೆಯುತ್ತಿರಲಿಲ್ಲ, ಅಲ್ವಾ?

ನಿಮ್ಮ ಪತ್ರದಲ್ಲೇ ಅದಕ್ಕಿಂತ ಒಳ್ಳೆಯ ಸುಳಿವಿದೆ. ‘ಸಿಗ್ನಲ್‌ನಲ್ಲಿ ನಿಂತರೆ’ ಅಂತ ಬರೆದಿದ್ದೀರಿ. ಗಾಡಿ ಏನು ಮಾಡುತ್ತದೆ ಅನ್ನುವುದಕ್ಕಿಂತ ಯಾವಾಗ ಮಾಡುತ್ತದೆ ಅನ್ನುವುದು ನನಗೆ ಜಾಸ್ತಿ ಬೇಕು. ಒಂದು ಚಿಕ್ಕ ನೋಟ್‌ಬುಕ್ ಗಾಡಿಯಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಾಗಲೋ, ಓಡುವಾಗಲೋ? ಬ್ರೇಕ್ ಒತ್ತಿದಾಗಲೋ, ತಿರುಗಿಸಿದಾಗಲೋ? ಎಲ್ಲ ಬರೆದಿಡಿ.

ಮೊದಲು ಟೆಂಪರೇಚರ್. ಎಂಜಿನ್ ಉಳಿದರೆ ತಾನೇ ಬೇರೆಯದರ ಮಾತು. ಓಡುವಾಗ ಗಾಳಿ ತಾನಾಗಿ ರೇಡಿಯೇಟರಿಗೆ ಹೊಡೆಯುತ್ತದೆ. ನಿಂತಾಗ ಫ್ಯಾನೇ ಗತಿ. ನಿಂತಾಗ ಏರಿ, ಗಾಡಿ ಓಡಿದ ತಕ್ಷಣ ಮುಳ್ಳು ಇಳಿದರೆ ಅನುಮಾನ ಫ್ಯಾನಿನ ಮೇಲೆ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ, ಬಾನೆಟ್ ಎತ್ತಿ ನೋಡಿ. ಕೈ ದೂರ ಇರಲಿ. ಹೆಚ್ಚಿನ ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್), ಕೊನೆಗೆ ಮೋಟರ್. ಮುಳ್ಳು ಹೈವೇಯಲ್ಲಿ ಏರುತ್ತಿದ್ದರೆ ಕಥೆಯೇ ಬೇರೆ. ಆಗ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾಗಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ಬಿಸಿಯಾದಾಗ ಕೂಲಂಟಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆಯದೇ ಇರಬಹುದು, ವಾಟರ್ ಪಂಪ್ ಸೋತಿರಬಹುದು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮೊದಲ ಹಳೇ ವ್ಯಾನಿಗೂ ಇದೇ ಕಾಯಿಲೆ ಇತ್ತು. ಥರ್ಮೋಸ್ಟಾಟ್ ಬದಲಿಸಿದೆ. ಹೋಗಲಿಲ್ಲ. ರೇಡಿಯೇಟರ್ ಬದಲಿಸಿದೆ. ಆಗಲೂ ಹೋಗಲಿಲ್ಲ. ಎಂಜಿನ್ ಹೆಡ್ ಬಿಚ್ಚೋಣ ಅಂತ ಸ್ಪ್ಯಾನರ್ ಜೋಡಿಸಿಕೊಂಡು ಕೂತಿದ್ದೆ. ಟಾರ್ಚ್ ಹಿಡಿದು ನಿಂತಿದ್ದ ಮಗಳು, ಆಗ ಅವಳಿಗೆ ಎಂಟು ವರ್ಷ, “ಅಪ್ಪಾ, ಈ ಫ್ಯಾನ್ ಯಾವಾಗ ತಿರುಗೋದು?” ಅಂತ ಕೇಳಿದಳು. ಹಾಳಾಗಿದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ರಿಲೇ. ಪಕ್ಕದಲ್ಲಿದ್ದ ಹಾರ್ನ್ ರಿಲೇ ಅದೇ ನಂಬರಿನದು. ಅದನ್ನು ಕಿತ್ತು ಇಲ್ಲಿಗೆ ಹಾಕಿದೆ, ಫ್ಯಾನ್ ತಿರುಗಿತು. ಮೆಕ್ಯಾನಿಕ್ ಅಂತ ಬೋರ್ಡ್ ಹಾಕಿಕೊಂಡವನ ಕಥೆ ಇದು!

ಕೂಲಂಟ್ ಮಟ್ಟವನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿಗೆ ಮಟ್ಟ ಇರುವಲ್ಲಿ ಒಂದು ಚೂರು ಟೇಪ್ ಅಂಟಿಸಿ. ವಾರದಲ್ಲಿ ಎಷ್ಟು ಇಳಿಯಿತು ಅಂತ ಕಣ್ಣಿಗೇ ಕಾಣುತ್ತದೆ. ಬಿಸಿ ಇರುವಾಗ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒಳಗೆ ಒತ್ತಡ ಇರುತ್ತದೆ. ಹೊರಗಿನ ಗಾಳಿಗಿಂತ 1 ಬಾರ್ ಜಾಸ್ತಿ ಒತ್ತಡವಿದ್ದರೆ ಬರೀ ನೀರು ಕೂಡ ಸುಮಾರು 120 ಡಿಗ್ರಿವರೆಗೆ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಹಿಂದಿನ ಸೀಟಿಗೂ ಬೇರೆ ಹೀಟರ್ ಇರುವ ವ್ಯಾನ್ ಆದರೆ ಇನ್ನೊಂದು ಮಾತಿದೆ. ಕೂಲಂಟ್ ಪೈಪು ಗಾಡಿಯ ಕೆಳಗೆ ಹಿಂದಿನವರೆಗೂ ಹೋಗಿರುತ್ತದೆ. ಮುಂದೆ ಲೀಕ್ ಹುಡುಕಿ ಹುಡುಕಿ ಸಾಕಾದವರು ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡುವುದೇ ಇಲ್ಲ. ಹೊಸ ಕೂಲಂಟ್ ತುಂಬಿದಾಗ ಆ ಉದ್ದದ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದೂ ಉಂಟು. ನಿಂತಾಗ ಹೀಟರ್ ತಣ್ಣಗೆ ಊದಿ, ರೇಸ್ ಮಾಡಿದರೆ ಬಿಸಿ ಊದಿದರೆ ಒಳಗೆ ಗಾಳಿ ಇದೆ ಅಥವಾ ಕೂಲಂಟ್ ಕಡಿಮೆ ಇದೆ.

ಇನ್ನು ‘ಗುಂಯ್’. ಅದು ಎಂಜಿನ್ ಜೊತೆ ಏರುತ್ತದೋ, ಚಕ್ರದ ಜೊತೆಗೋ? 60ರಲ್ಲಿ ಹೋಗುವಾಗ ಒಂದು ಕ್ಷಣ ನ್ಯೂಟ್ರಲ್‌ಗೆ ಹಾಕಿ. ಸದ್ದು ಹಾಗೇ ಇದ್ದರೆ ಚಕ್ರದ ಕಡೆಯದು. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೆ, ಬಲಕ್ಕೆ ವಾಲಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಪಡಿ. ಏನೂ ಬದಲಾಗದಿದ್ದರೆ, ಆದರೆ ನುಣುಪು ರಸ್ತೆಯಲ್ಲೂ ಒರಟು ರಸ್ತೆಯಲ್ಲೂ ಸದ್ದು ಬೇರೆ ಬೇರೆ ಇದ್ದರೆ, ಟೈರ್ ನೋಡಿ. ಅಂಗೈಯಿಂದ ಟೈರನ್ನು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಕೈಗೆ ಸಿಕ್ಕರೆ ಗುಂಯ್ ಅನ್ನುತ್ತಿರುವುದು ಅದೇ. ಮುಂದಿನ ಟೈರ್ ಹಿಂದಕ್ಕೆ ಹಾಕಿ, ಸದ್ದೂ ಹಿಂದಕ್ಕೆ ಹೋಯಿತಾ ನೋಡಿ. ಇದಕ್ಕೆ ಒಂದು ಪಾರ್ಟೂ ಕೊಳ್ಳಬೇಕಿಲ್ಲ.

‘ಟಕ ಟಕ’ ಸುಲಭ. ಪೂರ್ತಿ ತಿರುಗಿಸಿ ಮೆಲ್ಲಗೆ ಹೋಗುವಾಗ ಚಕ್ರದ ತಾಳಕ್ಕೆ ಸರಿಯಾಗಿ ಬಂದರೆ ಚಕ್ರ ತಿರುಗಿಸುವ ಆಕ್ಸಲಿನ ಹೊರಗಿನ ಜಾಯಿಂಟ್. ಚಕ್ರದ ಹಿಂದೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ಅದು ಹರಿದು, ರಿಮ್ಮಿನ ಒಳಗೆಲ್ಲ ಕಪ್ಪು ಗ್ರೀಸ್ ಸಿಡಿದಿದ್ದರೆ ಅನುಮಾನವೇ ಬೇಡ. ಹರಿದ ಕಡೆಯ ಆಕ್ಸಲ್ ಮಾತ್ರ ಮಾಡಿಸಿ, ಎರಡೂ ಯಾಕೆ?

ಚೆಕ್ ಎಂಜಿನ್ ದೀಪ ನಾಲ್ಕನೇ ದಿನ ಹತ್ತಿತು ಅಂದಿರಿ. ಗಾಡಿಯ ಕಂಪ್ಯೂಟರ್ ಬರೆದಿಡುವ ದೋಷದ ಕೋಡನ್ನು ಮಾರಿದವರು ಅಳಿಸಿ ಕೊಟ್ಟಿರಬಹುದು. ಅಳಿಸಿದ ಮೇಲೆ ಗಾಡಿ ತನ್ನ ಪರೀಕ್ಷೆಗಳನ್ನೆಲ್ಲ ಮತ್ತೆ ಮುಗಿಸಲು ಕೆಲವು ದಿನ ಓಡಬೇಕು, ದೀಪ ಆಮೇಲೆ ಬರುತ್ತದೆ. ಕೊಳ್ಳುವ ಮೊದಲು ಸ್ಕ್ಯಾನರ್ ಹಾಕಿದ್ದರೆ ಕೋಡ್ ಇಲ್ಲ ಅಂತ ತೋರಿಸುತ್ತಿತ್ತು, ಆದರೆ ಪರೀಕ್ಷೆ ಬಾಕಿ ಇದೆ ಅಂತಲೂ ತೋರಿಸುತ್ತಿತ್ತು. ಆಯಿತು, ಈಗ ಕೋಡ್ ಓದಿಸಿ. ಕೋಡ್ ಹೇಳುವುದು ರೋಗದ ಲಕ್ಷಣವನ್ನು, ಪಾರ್ಟಿನ ಹೆಸರನ್ನಲ್ಲ. ಉದಾಹರಣೆಗೆ ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ಅಷ್ಟೇ. ಕಿಡಿ ಹಾರಿಸುವ ಪ್ಲಗ್ಗೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲೋ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರೋ ಗೊತ್ತಿಲ್ಲ. ಒಂದನೆಯ ಕಾಯಿಲ್ ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಸಿಕ್ಕಿಬಿತ್ತು. ಪಿ0301 ಹಾಗೇ ಇದ್ದರೆ ಪ್ಲಗ್ ಅದಲುಬದಲು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ದೀಪ ಸುಮ್ನೆ ಉರಿಯದೆ ಮಿಣುಕುತ್ತಿದ್ದರೆ ಮಾತ್ರ ಓಡಿಸುವುದು ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ. ಕಾಯಿಲ್‌ಗಿಂತ ಅದು ಎಷ್ಟೋ ಪಟ್ಟು ದುಬಾರಿ.

ಪ್ರಶ್ನೆ: ನಮ್ಮ ವ್ಯಾನಿನ ಎಡಗಡೆಯ ಜಾರುವ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಬಲಗಡೆಯದು ಬಟನ್ ಒತ್ತಿದರೆ ಅರ್ಧ ಬಂದು ವಾಪಸ್ ಹೋಗುತ್ತದೆ. ಮೋಟರ್ ಹೋಗಿದೆಯಾ?

ಉತ್ತರ: ಎಡಗಡೆಯದಕ್ಕೆ ಮೊದಲು ಚೈಲ್ಡ್ ಲಾಕ್ ನೋಡಿ. ನಗಬೇಡಿ. ಒಮ್ಮೆ ಒಬ್ಬರ ಬಾಗಿಲಿನ ಒಳಪ್ಯಾಡನ್ನೆಲ್ಲ ಬಿಚ್ಚಿ, ಕ್ಲಿಪ್ಪು ಮುರಿದು, ಬೆವರು ಸುರಿಸಿದ ಮೇಲೆ ಅಂಚಿನಲ್ಲಿ ಆ ಪುಟ್ಟ ಗುಂಡಿ ಕಂಡಿತು. ಆ ಗಿರಾಕಿಯ ಹತ್ತಿರ ನಾನು ಮಜೂರಿ ತೆಗೆದುಕೊಳ್ಳಲಿಲ್ಲ. ಕೆಲವು ವ್ಯಾನುಗಳಲ್ಲಿ ಪೆಟ್ರೋಲ್ ಮುಚ್ಚಳ ತೆರೆದಿದ್ದರೆ ಆ ಕಡೆಯ ಬಾಗಿಲು ತೆರೆಯುವುದೇ ಇಲ್ಲ. ಬಾಗಿಲು ಹಿಂದೆ ಜಾರಿ ಮುಚ್ಚಳಕ್ಕೆ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಆ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ.

ಬಲಗಡೆಯದಕ್ಕೆ ಪವರ್ ಸ್ವಿಚ್ ಆಫ್ ಮಾಡಿ ಕೈಯಲ್ಲೇ ಎಳೆಯಿರಿ. ಕೈಗೂ ಭಾರವಾದರೆ ಮೋಟರಿನ ತಪ್ಪಲ್ಲ. ಹಳಿಯಲ್ಲಿ ಮಣ್ಣು, ನಾಣ್ಯ, ಮಕ್ಕಳ ಪೆನ್ಸಿಲ್ ತುಂಡು ಏನಾದರೂ ಇರುತ್ತದೆ. ಬ್ರಷ್ ಹಾಕಿ ತೆಗೆದು, ಬಾಗಿಲಿನ ಮಧ್ಯದ ರೋಲರ್ ಸವೆದಿದೆಯಾ ನೋಡಿ. ಭಾರ ಜಾಸ್ತಿ ಬೀಳುವುದು ಅದರ ಮೇಲೆ. ಹಳಿಗೆ ಗ್ರೀಸ್ ಮೆತ್ತಬೇಡಿ, ಮಣ್ಣು ಹಿಡಿಯುತ್ತದೆ. ಒಣಗುವ ಸಿಲಿಕೋನ್ ಸ್ಪ್ರೇ ಸಾಕು. ಕೈಗೆ ಹಗುರವಾಗಿ ಜಾರಿ, ಬಟನ್‌ಗೆ ಮಾತ್ರ ಹಟ ಮಾಡಿದರೆ ಆಗ ಕೇಬಲ್, ಮೋಟರ್ ನೋಡೋಣ.

ಪ್ರಶ್ನೆ: ಗಾಡಿ ನಡುಗುತ್ತದೆ. ಅಲೈನ್‌ಮೆಂಟ್ ಮಾಡಿಸಿದೆ, ಹೋಗಲಿಲ್ಲ.

ಉತ್ತರ: ಯಾವಾಗ ನಡುಗುತ್ತದೆ ಅಂತ ನೀವು ಬರೆದೇ ಇಲ್ಲ ನೋಡಿ! 80–100ರ ನಡುವೆ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ಆದರೆ ಡಿಸ್ಕ್. ಆಕ್ಸಿಲರೇಟರ್ ತುಳಿದಾಗ ನಡುಗಿ, ಕಾಲು ತೆಗೆದರೆ ನಿಂತರೆ ಆಕ್ಸಲಿನ ಒಳಗಿನ ಜಾಯಿಂಟ್. ನಿಂತಲ್ಲೇ, ಗೇರಿನಲ್ಲಿ ಬ್ರೇಕ್ ಹಿಡಿದಾಗ ನಡುಗಿದರೆ ಎಂಜಿನ್ ಮೌಂಟಿಂಗ್. ಅಲೈನ್‌ಮೆಂಟ್‌ನಿಂದ ಇವು ಯಾವುವೂ ಹೋಗುವುದಿಲ್ಲ.

ಪ್ರಶ್ನೆ: ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಸತ್ತಿರುತ್ತದೆ. ಹೊಸ ಬ್ಯಾಟರಿ ಹಾಕಿಸಿದೆ, ಅದೂ ಹಾಗೇ.

ಉತ್ತರ: ಮಲ್ಟಿಮೀಟರ್ ಇದೆಯಾ? ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಓಡುವಾಗಲೂ 12ರಲ್ಲೇ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಅದು ಸರಿಯಿದ್ದರೆ ಗಾಡಿ ನಿಂತಾಗ ಯಾವುದೋ ಕರೆಂಟ್ ಕುಡಿಯುತ್ತಿದೆ. ವ್ಯಾನಿನಲ್ಲಿ ಮೂರು ಸಾಲಿಗೂ ದೀಪ, ಹಿಂದಿನ ಡಿಕ್ಕಿಗೊಂದು ದೀಪ. ರಾತ್ರಿ ಹೊರಗೆ ನಿಂತು ಗಾಜಿನೊಳಗೆ ಇಣುಕಿ, ಒಮ್ಮೊಮ್ಮೆ ಅಷ್ಟರಲ್ಲೇ ಸಿಗುತ್ತದೆ.

ಸಿಗದಿದ್ದರೆ ಬಾಗಿಲು ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ. ಬಾಗಿಲು ಹಾಕಿದೆ ಅಂದುಕೊಂಡು ಗಾಡಿ ನಿದ್ದೆಗೆ ಜಾರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಮೀಟರನ್ನು ಆಂಪಿಯರ್‌ಗೆ, ಅದರ ಕೆಂಪು ತಂತಿಯನ್ನು 10A ಅಂತ ಬರೆದ ತೂತಿಗೆ ಹಾಕಿ, ಬ್ಯಾಟರಿಗೂ ತಂತಿಗೂ ನಡುವೆ ಜೋಡಿಸಿ. ಆಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸೇ ಹೋಗುತ್ತದೆ. ಮುಕ್ಕಾಲು ಗಂಟೆ ಕಾಯಿರಿ. 50 ಮಿಲಿಆಂಪಿಯರ್‌ಗಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ, ಹಿಂದಿನ ಎ.ಸಿ. ಮತ್ತು ಪವರ್ ಬಾಗಿಲಿನವು ಮೊದಲು. ಯಾವುದನ್ನು ಕಿತ್ತಾಗ ಮೀಟರ್ ಧಡಕ್ಕನೆ ಇಳಿಯಿತೋ ಅದರ ನಂಬರ್ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಹಿಡಿಯೋಣ.