20 ಡಾಲರ್‌ನ ಬಾಣಲೆಗೆ 21.65 ಯಾಕೆ?

ಡಲ್ಲಾಸ್‌ನಲ್ಲಿ 20 ಡಾಲರ್ ಚೀಟಿಯಿದ್ದ ಬಾಣಲೆಗೆ ಬಿಲ್ಲಿನಲ್ಲಿ 21.65 ಹಾಕಿದ್ದಾರೆ, ಮೋಸವೇ ಎಂದು ಕೇಳಿದ್ದೀರಿ. ಮೋಸವಲ್ಲ. ನಮ್ಮ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಅಲ್ಲಿ ಕೌಂಟರ್‌ನಲ್ಲಿ ಸೇರಿಸುತ್ತಾರೆ.

ಟೆಕ್ಸಾಸ್ ರಾಜ್ಯದ ಪಾಲು ಶೇ. 6.25. ಅದರ ಮೇಲೆ ನಗರ, ಸಾರಿಗೆ ಪ್ರಾಧಿಕಾರದಂಥ ಸ್ಥಳೀಯ ಸಂಸ್ಥೆಗಳು ಒಟ್ಟು ಶೇ. 2ರವರೆಗೆ ಹಾಕಬಹುದು. ಡಲ್ಲಾಸ್‌ನಲ್ಲಿ ಆ ಎರಡೂ ಪೂರ್ತಿ ಬೀಳುವುದರಿಂದ ಶೇ. 8.25.

ಸಮಾಧಾನದ ವಿಷಯವೆಂದರೆ ಅಕ್ಕಿ, ಬೇಳೆ, ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಡಾಕ್ಟರ್ ಬರೆದುಕೊಟ್ಟ ಔಷಧಿಗೂ ಇಲ್ಲ. ಆದರೆ ಅದೇ ಅಂಗಡಿಯ ಬಿಸಿ ಸಮೋಸಾ, ಕೋಕ್, ಚಾಕೊಲೇಟ್‌ಗೆ ಉಂಟು. ಮಕ್ಕಳಿಗೆ ಬಟ್ಟೆ, ಶೂ ಕೊಳ್ಳುವುದಿದ್ದರೆ ದಯವಿಟ್ಟು ಆಗಸ್ಟ್‌ವರೆಗೆ ಕಾಯಿರಿ: ಶಾಲೆ ಶುರುವಾಗುವ ಮುಂಚಿನ ಒಂದು ವಾರಾಂತ್ಯ, 100 ಡಾಲರ್‌ಗಿಂತ ಕಡಿಮೆ ಬೆಲೆಯ ಹೆಚ್ಚಿನ ಉಡುಪುಗಳಿಗೆ ತೆರಿಗೆ ಹಾಕುವುದಿಲ್ಲ.